ಪೆಟ್ಟಿಗೆಯಲ್ಲಿ ಬದಲಾದ ಪತಂಗ

"ನನ್ನ ಕಣ್ಣು ತಪ್ಪಿಸಿ ಒಂದು ಸೂಜಿ ಕೂಡ ಗೇಟು ದಾಟಲ್ಲ. ಇನ್ನು ಈ ಹುಳ ಯಾವ ಲೆಕ್ಕ!" ಎಂದು ಗೇಟಿನ ಸಾಹೇಬರು ಮೀಸೆ ತಿರುವಿದರು.

ಕಾರ್ಖಾನೆ ಬಿಡುವ ಹೊತ್ತಿಗೆ ಎಲ್ಲರ ಚೀಲ, ಡಬ್ಬಿ ತೆಗೆಸಿ ನೋಡುವುದು ಸಾಹೇಬರ ಕೆಲಸ. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿ ಮಾಡಿ, ಮನೆಯ ಸಕ್ಕರೆ ಡಬ್ಬಿಯನ್ನೂ ಅನುಮಾನದಿಂದಲೇ ತೆರೆಯುತ್ತಿದ್ದರು.

ಹುಳ ಅವರ ಹೆಂಡತಿಯದು. ಆಕೆ ಶಾಲೆಯಲ್ಲಿ ವಿಜ್ಞಾನದ ಟೀಚರು. ಮಕ್ಕಳೊಂದಿಗೆ ಕಾಡಿಗೆ ಹೋದಾಗ ಸಿಕ್ಕ ಕಂಬಳಿಹುಳುವನ್ನು ರಟ್ಟಿನ ಪೆಟ್ಟಿಗೆಯಲ್ಲಿ ಎಲೆ ಹಾಕಿ ಸಾಕಿದ್ದರು. ಅದೀಗ ಗೂಡು ಕಟ್ಟಿಕೊಂಡು ಮಲಗಿತ್ತು. ಶುಕ್ರವಾರ ಶಾಲೆಯಲ್ಲಿ ಪ್ರದರ್ಶನ. ಹುಳ, ಗೂಡು, ಪತಂಗ ಮಾತ್ರವಲ್ಲ, ಮೊಟ್ಟೆಯನ್ನೂ ತೋರಿಸಿಯೇ ತೀರುತ್ತೇವೆಂದು ಮಕ್ಕಳು ಊರಿಗೆಲ್ಲ ಸಾರಿಬಿಟ್ಟಿದ್ದರು.

"ರೀ, ಇವತ್ತು ಹೊರಗೆ ಬರಬಹುದು. ಪೆಟ್ಟಿಗೆ ಕಿಟಕಿ ಹತ್ರ ಇರಲಿ, ಮುಟ್ಟಬೇಡಿ. ಹೆಣ್ಣಾದರೆ..."

"ನನಗೆ ಪಾಠ ಬೇಡ! ಪತಂಗದ ಪುಸ್ತಕ ಇದೆ, ನಾನಿದ್ದೀನಿ."

ಅಂದು ವಾರದ ರಜೆ. ಆದರೂ ಕಾವಲೆಂದರೆ ಕಾವಲು! ಸಾಹೇಬರು ಸಮವಸ್ತ್ರದ ಕೋಟು ತೊಟ್ಟು ಕೂತರು. ಪುಸ್ತಕದ ಚಿತ್ರದಲ್ಲಿದ್ದದ್ದು ಇಟ್ಟಿಗೆಗೆಂಪು ರೆಕ್ಕೆ, ಅದರ ಮೇಲೊಂದು ಬಿಳಿ ಚುಕ್ಕೆ. ಊಟ ಮುಗಿಸಿ ಬಂದು ನೋಡುತ್ತಾರೆ, ಗೂಡಿನ ಮೇಲೆ ಬೂದು ಬಣ್ಣದ, ರೋಮದ ಮುದ್ದೆಯೊಂದು ಕೂತಿದೆ. ರೆಕ್ಕೆಯ ಸುಳಿವೇ ಇಲ್ಲ!

"ಮಾಲು ಬದಲಾಗಿದೆ!" ಎಂದು ಸಾಹೇಬರು ಗುಡುಗಿದರು. ಮನೆಯಲ್ಲಿದ್ದ ಇನ್ನೊಂದು ಜೀವ ಅತ್ತೆ. ಅನುಮಾನಕ್ಕೆ ಅಷ್ಟು ಸಾಕಾಯಿತು.

"ಅತ್ತೆ, ಬೆಳಿಗ್ಗೆ ಈ ಕೋಣೆಗೆ ಯಾಕೆ ಬಂದಿದ್ರಿ?"

"ಕಸ ಗುಡಿಸೋಕೆ. ಯಾಕೆ, ನೀವು ಗುಡಿಸ್ತೀರಾ?"

"ಆ ಪೊರಕೆ ತೋರಿಸಿ."

"ತೋರಿಸ್ತೀನಿ ಅಳಿಯಂದ್ರೇ, ಸ್ವಲ್ಪ ಬೆನ್ನು ತಿರುಗಿಸಿ!"

ಸಾಹೇಬರು ಬಿಡಲಿಲ್ಲ. ಅತ್ತೆಯ ಕೈಚೀಲವನ್ನೂ ಜಾಲಾಡಿದರು. ಸಿಕ್ಕಿದ್ದು ಕನ್ನಡಕ ಮತ್ತು ಎರಡು ಕೆಮ್ಮಿನ ಮಾತ್ರೆ. ಅಷ್ಟರಲ್ಲಿ ಕಿಟಕಿಯ ಬಳಿ ಪಟಪಟ ಸದ್ದು. ಇಟ್ಟಿಗೆಗೆಂಪು ರೆಕ್ಕೆ, ಬಿಳಿ ಚುಕ್ಕೆ! "ತಪ್ಪಿಸಿಕೊಂಡವನು ಸಿಕ್ಕಿಬಿದ್ದ!" ಎಂದು ಹಾರಿ, ಅದನ್ನು ಗಾಜಿನ ಲೋಟದಡಿ ಬಂಧಿಸಿದರು. ಪೆಟ್ಟಿಗೆಯನ್ನು ತಲೆಯ ಮೇಲೆತ್ತಿ, ಆ ನಕಲಿ ಮುದ್ದೆಯನ್ನು ಗೂಡಿನ ಸಮೇತ ಕಿಟಕಿಯಾಚೆ ಕೊಡವಿದರು.

ಸಂಜೆ ಹೆಂಡತಿ ಬಂದರು. ಸಾಹೇಬರು ಎದೆಯುಬ್ಬಿಸಿ ಲೋಟ ತೋರಿಸಿದರು.

"ಇದು ಗಂಡು ಕಣ್ರೀ. ನಮ್ಮ ಪೆಟ್ಟಿಗೆಯಲ್ಲಿ ಏನಿತ್ತು?"

"ಏನೋ ಮುದ್ದೆ ಇತ್ತು. ಆಚೆ ಹಾಕ್ದೆ."

"ಅಯ್ಯೋ, ಅದೇ ಹೆಣ್ಣು! ಈ ಜಾತಿಯಲ್ಲಿ ಹೆಣ್ಣಿಗೆ ಹಾರೋ ರೆಕ್ಕೆ ಇರಲ್ಲ. ಗೂಡಿನ ಮೇಲೇ ಕೂತು ವಾಸನೆ ಬಿಡ್ತಾಳೆ, ಗಂಡು ಹುಡುಕ್ಕೊಂಡು ಬರುತ್ತೆ. ಪುಸ್ತಕದಲ್ಲಿ ಮುಂದಿನ ಪುಟ ನೋಡಲಿಲ್ವಾ?"

"ಚಿತ್ರ ಸಿಕ್ತಲ್ಲ ಅಂತ..."

"ಅವಳಿಲ್ಲದೆ ಮೊಟ್ಟೆ ಎಲ್ಲಿಂದ ತರಲಿ? ಮಕ್ಕಳಿಗೆ ಏನಂತ ಹೇಳಲಿ?" ಆಕೆಯ ಕಣ್ಣು ತುಂಬಿತು. ಸಾಹೇಬರು ಹೊರಗೆ ಓಡಿದರು.

ಕಿಟಕಿಯ ಕೆಳಗಿನ ಪೊದೆಯಲ್ಲಿ ಮಂಡಿಯೂರಿ ತಡಕಿದರು. ಗೂಡು ಸಿಕ್ಕಿತು, ಮುದ್ದೆ ಸಿಗಲಿಲ್ಲ. ಸಾಲದ್ದಕ್ಕೆ ಎರಡು ಮೂರು ಕೆಂಪು ಪತಂಗಗಳು ಬಂದು ಅವರ ತಲೆಯನ್ನೇ ಸುತ್ತತೊಡಗಿದವು. ಎದ್ದು ಓಡಿದರೆ ಅವೂ ಹಿಂದೆಯೇ!

"ನನ್ನನ್ನೇ ಯಾಕೆ ಅಟ್ಟಿಸ್ಕೊಂಡು ಬರ್ತಿವೆ? ಇದರಲ್ಲಿ ಏನೋ ಸಂಚಿದೆ!"

ಅತ್ತೆ ನಿಧಾನವಾಗಿ ಕನ್ನಡಕ ಏರಿಸಿದರು. "ಅಳಿಯಂದ್ರೇ, ಕೈ ಮೇಲೆತ್ತಿ ನಿಲ್ಲಿ." ಕೋಟಿನ ಕಾಲರು ಮಡಚಿ ನೋಡಿದರು. "ತಗೋ ಮಗಳೇ, ಮಾಲು ಇಲ್ಲೇ ಇದೆ! ಜೊತೆಗೊಬ್ಬ ಗಂಡನೂ ಬಂದು ಕೂತಿದ್ದಾನೆ!"

"ಅಲುಗಾಡಬೇಡಿ!" ಎಂದು ಹೆಂಡತಿ ಕೂಗಿದರು. ಗುಂಡಿ ಒಂದೊಂದಾಗಿ ಬಿಚ್ಚಿ, ಉಸಿರು ಬಿಗಿಹಿಡಿದು ಕೋಟು ಇಳಿಸಿಕೊಂಡರು. ಮರುದಿನ ಸಂಜೆಯ ಹೊತ್ತಿಗೆ ಕಾಲರಿನ ತುಂಬ ಮೊಟ್ಟೆ!

"ಇನ್ನು ಚಳಿಗಾಲ ಕಳೆಯೋವರೆಗೆ ಮೊಟ್ಟೆ ಒಡೆಯಲ್ಲ, ಕೋಟು ಒಗೆಯೋ ಹಾಗೂ ಇಲ್ಲ" ಎಂದು ಟೀಚರು ಕೋಟನ್ನು ಶಾಲೆಗೆ ಹೊತ್ತೊಯ್ದರು.

ಶುಕ್ರವಾರ ಪ್ರದರ್ಶನದಲ್ಲಿ ಜನವೋ ಜನ. ಸಾಹೇಬರು ಬರೀ ಅಂಗಿಯಲ್ಲಿ ಮೂಲೆ ಹಿಡಿದು ನಿಂತಿದ್ದರು. ಪುಟ್ಟ ಹುಡುಗಿಯೊಬ್ಬಳು ಬೆರಳು ತೋರಿಸಿ ಕೇಳಿದಳು: "ಟೀಚರ್, ಮೊಟ್ಟೆ ಒಂದು ಹಂತ, ಹುಳ ಒಂದು ಹಂತ, ಗೂಡು ಒಂದು ಹಂತ. ಈ ಕೋಟು ಯಾವ ಹಂತ?"

ಟೀಚರು ಮೂಲೆಯ ಕಡೆ ಒಮ್ಮೆ ನೋಡಿದರು.

"ಅದು ಹಂತ ಅಲ್ಲ ಪುಟ್ಟೀ, ಅಡ್ಡಿ. ಪಾಪ, ಅದನ್ನೂ ದಾಟ್ಕೊಂಡೇ ಬದುಕಬೇಕು!"