ಮಾಡಿದವರ ಹೆಸರು

ಹೆಸರಿನ ಮುಂದೆ ಬಿ.ಇ. ಎಂದು ಬರೆಯಲು ಒಂದಿಂಚು ಜಾಗ ಸಿಕ್ಕಿದರೂ ಬಿಡುವ ಮನುಷ್ಯ ನಾನಲ್ಲ. ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದ ಮೊದಲಿಗ ನಾನು. ನನಗಿಂತ ಮೊದಲು ಅಚ್ಚಾದ ಹೆಸರೆಂದರೆ ಕರೆಂಟು ಬಿಲ್ಲಿನಲ್ಲಿರುವ ಅಜ್ಜನದು. ಅಪ್ಪ ನೆಲ್ಯಾಡಿಯಲ್ಲಿ ರಬ್ಬರ್ ಮರ ಗೀರಿ ಹಾಲಿಳಿಸುವ ಟ್ಯಾಪಿಂಗ್ ಕೆಲಸ ಮಾಡಿ ಗಳಿಸಿಕೊಟ್ಟ ಅಕ್ಷರಗಳು ಅವು, ಅಡಗಿಸಿಡಲು ಮನಸ್ಸಾಗುವುದಿಲ್ಲ. ಅಕ್ಕನ ಮದುವೆ ಕಾಗದದಲ್ಲಿ ಮದುಮಗನ ಹೆಸರಿಗಿಂತ ನನ್ನದೇ ಉದ್ದವಾಗಿತ್ತು. ಭಾವ ಅದನ್ನು ಇನ್ನೂ ಮರೆತಿಲ್ಲ.

ಈ ಮಳೆಗಾಲದಲ್ಲಿ ಉಪ್ಪಿನಂಗಡಿಯ ಒಂದು ಎಣ್ಣೆ ಮಿಲ್ಲಿಗೆ ಹೋಗಿದ್ದೆ. ಕೊಬ್ಬರಿ ಒಣಗಿಸುವ ಡ್ರೈಯರಿಗೆ ಪಿಎಲ್‌ಸಿ ಕೂರಿಸುವ ಕೆಲಸ. ಪಿಎಲ್‌ಸಿ ಎಂದರೆ ಯಂತ್ರಕ್ಕೆ ಯಾವಾಗ ಓಡಬೇಕು, ಯಾವಾಗ ನಿಲ್ಲಬೇಕು ಎಂದು ಹೇಳುವ ಪೆಟ್ಟಿಗೆ. ಕಂಪನಿಯವರು ನನ್ನನ್ನು ಒಬ್ಬನೇ ಕಳಿಸಿದ ಮೊದಲ ಕೆಲಸವದು. ಕೆಟ್ಟರೆ ಮತ್ತೆ ಇನ್ನೊಬ್ಬರ ಹಿಂದೆ ಟೂಲ್ ಬ್ಯಾಗ್ ಹೊರಬೇಕು. ಅತ್ತ ಕೊಬ್ಬರಿಗೆ ಬೂಸ್ಟು ಹಿಡಿಯುವ ಹೊತ್ತು. ಲ್ಯಾಪ್‌ಟಾಪ್ ತೆರೆದು ಹೊಸ ಪ್ರಾಜೆಕ್ಟ್ ಒತ್ತಿದೆ. ಪ್ರಾಜೆಕ್ಟಿನ ಹೆಸರು ಕೇಳಿತು. ಅದರ ಕೆಳಗೇ ಮಾಡಿದವರ ಹೆಸರು! ಇನಿಶಿಯಲ್, ಮನೆತನ, ಬಿ.ಇ., ಎಲ್ಲ ತುಂಬುತ್ತಾ ಕೂತೆ. ಮಾಲೀಕರಾದ ಹಾಜಿಯವರು ಹಿಂದೆ ಬಂದು ನಿಂತರು.

"ಎಂತ ಇಂಜಿನಿಯರೇ, ಅಲ್ಲಿ ನಿಮ್ಮ ಹೆಸರು ಎಂತಕ್ಕೆ?"

"ಮಾಡಿದವರ ಹೆಸರು ಹಾಕ್ಲಿಕ್ಕೆ ಉಂಟು ಹಾಜಿಯವರೇ."

"ಮಾಡಿ ಆಯ್ತಾ?"

"ಇಲ್ಲ, ಈಗ ಶುರು."

"ಒಳ್ಳೇದು. ಕೊಬ್ಬರಿಗೆ ಹೇಳ್ತೇನೆ, ಸ್ವಲ್ಪ ಕಾಯ್ಲಿಕ್ಕೆ."

ನಾಚಿಕೆಯ ಅವಸರದಲ್ಲಿ ಮುಂದಿನ ಪುಟಕ್ಕೆ ಹೋದೆ. ಅಲ್ಲಿ ಪೆಟ್ಟಿಗೆಯ ಮಾಡೆಲ್ ಆರಿಸಬೇಕು. ಒಂದೇ ಅಜ್ಜಿಯ ಮೊಮ್ಮಕ್ಕಳಂತೆ ಸಾಲಾಗಿ ನಿಂತಿದ್ದವು ನಂಬರುಗಳು. ಎಲ್ಲೋ ಕಂಡಂತೆ ಅನಿಸಿದ ಒಂದನ್ನು ಒತ್ತಿ, ಡ್ರೈಯರಿನ ಪ್ರೋಗ್ರಾಮ್ ಬರೆದು, ಪೆಟ್ಟಿಗೆಗೆ ಕಳಿಸಿದೆ. ಕೆಂಪು ಗುರುತು. ಮತ್ತೆ ಕಳಿಸಿದೆ. ಮತ್ತೂ ಕೆಂಪು. ಟೂಲ್ ಬ್ಯಾಗ್ ಕಣ್ಣ ಮುಂದೆ ಬಂತು. ಕೊನೆಗೆ ಬಗ್ಗಿ, ಪೆಟ್ಟಿಗೆಯ ಪಕ್ಕದಲ್ಲಿ ಅಚ್ಚಾದ ನಂಬರು ಓದಿದೆ. ನಾನು ಆರಿಸಿದ್ದು ಅದರ ತಮ್ಮನನ್ನು.

"ಎಂತಾಯ್ತು?" ಎಂದರು ಹಾಜಿಯವರು.

"ಇದರ ನಂಬರು ತಪ್ಪಿ ಹೋಗಿತ್ತು."

"ನಿಮ್ಮ ಹೆಸರು ಸರಿ ಉಂಟಲ್ಲ ಮಾರಾಯ್ರೆ, ಅದು ಸಾಕು!"

ಮಾಡೆಲ್ ಬದಲಿಸಿ ಕಳಿಸಿದೆ. ಹಸಿರು ದೀಪ ಹತ್ತಿತು, ಡ್ರೈಯರ್ ಗುಂಯ್ ಎಂದಿತು. ಹಾಜಿಯವರು ಚಹಾ ತರಿಸಿ, "ಹೆಸರು ಒಳಗೇ ಇರ್ಲಿ, ಕೆಟ್ಟರೆ ಯಾರನ್ನು ಹಿಡಿಯುದು ಅಂತ ಗೊತ್ತಾಗ್ತದೆ" ಎಂದರು.

ಈಗ ಒಬ್ಬನೇ ಹೋಗುತ್ತೇನೆ. ಮೊದಲು ಪೆಟ್ಟಿಗೆಯ ನಂಬರು ಓದಿ, ಆಮೇಲೆ ಬಿ.ಇ. ಬರೆಯುತ್ತೇನೆ. ಹೆಸರು ತುಂಬಿದ ಆ ಪುಟವನ್ನು ಮತ್ತೆ ತೆರೆದು ನೋಡುವವರು ಮಾತ್ರ ಲೋಕದಲ್ಲಿ ಯಾರೂ ಇಲ್ಲ, ನನ್ನನ್ನು ಬಿಟ್ಟರೆ. ರಿಪೇರಿಗೆ ಕರೆ ಬಂದಾಗ, ಇಷ್ಟು ಚಂದದ ತಪ್ಪು ಮಾಡಿದ ಮಹಾನುಭಾವ ಯಾರಪ್ಪಾ ಎಂದು ನೋಡುತ್ತೇನೆ. ಡಿಗ್ರಿ ಸಮೇತ ಕೂತಿರುತ್ತಾನೆ.