ಇಳಿಜಾರಿನ ಅವರೆಕಾಯಿ

ಮುರುಗೆಪ್ಪನವರು ಹುಟ್ಟಿದಾಗಿನಿಂದ ಒಂದು ತೊಟ್ಟು ಹೆಂಡ ಮುಟ್ಟಿದವರಲ್ಲ. ಅಂಥವರು ಮಗಳ ಒತ್ತಾಯಕ್ಕೆ ಫ್ರಾನ್ಸಿನ ಬರ್ಗಂಡಿಗೆ ಹೋಗಿ, ದ್ರಾಕ್ಷಿತೋಟದ ಗುಡ್ಡ ಹತ್ತಿಳಿದು, ವೈನ್ ಬದಲು ಗೈಡ್ ಹೇಳಿದ ಮಾತನ್ನೇ ಗಟಗಟ ಕುಡಿದು ಬಂದದ್ದು ಅಮೆರಿಕದ ಹಿಲ್ಸ್‌ಬರೋದ ಆ ಇಳಿಜಾರು ಬೀದಿಯ ಗ್ರಹಚಾರ. ವೈನಿನ ಅಮಲಾದರೆ ಬೆಳಗಾಗುವುದರೊಳಗೆ ಇಳಿಯುತ್ತದೆ. ಈ ಅಮಲು ಇಳಿಯಲಿಲ್ಲ.

ಶನಿವಾರ ಬೆಳಿಗ್ಗೆ ಬೀದಿಯ ಕನ್ನಡ ಮನೆಗಳ ವಾಟ್ಸಾಪ್ ಗುಂಪಿಗೆ ಅವರದೊಂದು ನಕ್ಷೆ ಬಂತು. ಹಿಂದೆಯೇ ಧ್ವನಿಯೂ ಬಂತು.

"ನೋಡ್ರಿ, ಬರ್ಗಂಡಿಯೊಳಗ ದ್ರಾಕ್ಷಿ ಒಂದs, ಗುಡ್ಡಾನೂ ಒಂದs. ಆದ್ರ ನಡುಗುಡ್ಡದ ತೋಟಕ್ಕ ಮಹಾದರ್ಜೆ. ಅಲ್ಲಿ ಬಿಸಲು ಚಲೋ ಬೀಳ್ತದ, ನೀರು ನಿಲ್ಲಂಗಿಲ್ಲ. ನೆತ್ತಿ ಮ್ಯಾಲೆ ಮಣ್ಣು ತೆಳು, ಗಾಳಿ ಭಾಳ, ಅದು ಎರಡನೇ ದರ್ಜೆ. ಬುಡದಾಗ ನೀರು, ಥಂಡಿ ಎರಡೂ ಬಂದು ಕೂಡ್ತಾವ, ಅದು ಬರೇ ಊರದರ್ಜೆ. ನಮ್ಮ ಬೀದೀನೂ ಹಂಗs ಐತಿ. ಇವತ್ತಿನ ಅವರೆ ಊಟದ ಸಾರಿಗೆ ಮಹಾದರ್ಜೆ ಕಾಳಷ್ಟs. ಊರದರ್ಜೇದು ಬೇಕಾದ್ರ ಉಪ್ಪಿಟ್ಟಿಗೆ ಹಾಕೋಣು."

ನಡುಗುಡ್ಡದಲ್ಲಿದ್ದದ್ದು ಮುರುಗೆಪ್ಪನವರ ಮನೆ. ಬುಡದಲ್ಲಿದ್ದದ್ದು ಅಲಮೇಲುವಿನ ಮನೆ.

ಅಲಮೇಲು ದೋಸೆಯ ಸೌಟು ಹಿಡಿದೇ ಎರಡು ಸಲ ಕೇಳಿಸಿಕೊಂಡಳು. ಅವಳ ಅವರೆ ಅಂಥಿಂಥದ್ದಲ್ಲ. ಮೈಸೂರಿನಿಂದ ಬಂದಿದ್ದ ಅಮ್ಮ ಸೆರಗಿನಲ್ಲಿ ಗಂಟು ಕಟ್ಟಿ ತಂದುಕೊಟ್ಟ ಬೀಜ. ಈಗ ಅಮ್ಮ ಇಲ್ಲ, ಬಳ್ಳಿ ಇದೆ. ಪ್ರತಿ ವರ್ಷ ಹಿಮ ಬೀಳುವ ಮುಂಚಿನ ಆ ಊಟದಲ್ಲಿ ಎಲ್ಲರೂ ಸಾರು ಸೊರ್ ಎಂದು ಹೀರುವಾಗ ಅಮ್ಮನೂ ಪಂಕ್ತಿಯಲ್ಲಿ ಕೂತಿದ್ದಾಳೆ ಅನ್ನಿಸುತ್ತಿತ್ತು. ಆ ಅಮ್ಮನನ್ನು ಎಬ್ಬಿಸಿ ಉಪ್ಪಿಟ್ಟಿನ ಪಾತ್ರೆಗೆ ಕಳಿಸುವುದೆಂದರೆ?

"ಕಣ್ಣು ಕಟ್ಟಿಕೊಂಡು ರುಚಿ ನೋಡಿ ಹೇಳಿ ಅಂಕಲ್. ಸೋತರೆ ಉಪ್ಪಿಟ್ಟು ನಾನೇ ತಿರುವುತ್ತೇನೆ" ಎಂದು ಟೈಪ್ ಮಾಡಿ ಕಳಿಸಿಬಿಟ್ಟಳು. ಮೇಲಿನ ಮನೆಗಳಿಂದ ಹೆಬ್ಬೆರಳುಗಳ ಸುರಿಮಳೆಯಾಯಿತು.

ಬುಟ್ಟಿ ಹಿಡಿದು ಹಿತ್ತಲಿಗೆ ಹೋದವಳು ಅಲ್ಲೇ ನಿಂತಳು. ಚಪ್ಪರದ ಮೇಲೆ ಬಳ್ಳಿ ಇರಲಿಲ್ಲ. ಬೋಳಿಸಿದ ತಲೆಯಂತೆ ಕಡ್ಡಿಗಳಷ್ಟೇ ಉಳಿದಿದ್ದವು. ಕೆಳಗೆ ಜಿಂಕೆಗಳ ಗೊರಸಿನ ಗುರುತು, ಪಕ್ಕದಲ್ಲಿ ಕೈ ತೊಳೆದು ಹೋದವರಂತೆ ಒಂದಿಷ್ಟು ಹಿಕ್ಕೆ.

"ರೀ, ಬಲೆ ಕಟ್ತೀನಿ ಅಂದಿದ್ರಲ್ಲ?"

ಗಂಡ ಪ್ರಾಣೇಶ ಕಾಫಿ ಲೋಟದೊಳಗೇ ಉತ್ತರ ಹುಡುಕಿದ. "ಈ ವೀಕೆಂಡ್ ಕಟ್ಟೋಣ ಅಂತಿದ್ದೆ ಕಣೆ."

"ಅಮ್ಮಾ, ಜಸ್ಟ್ ಸೇ ಸಾರಿ," ಎಂದಳು ಮಗಳು ಗಾರ್ಗಿ.

"ಯಾವ ತಪ್ಪಿಗೆ? ಬುಡದಲ್ಲಿ ಮನೆ ಮಾಡಿದ್ದಕ್ಕಾ?"

ಅಲಮೇಲು ನೆಟ್ಟಗೆ ಫ್ರೀಜರ್‌ಗೆ ಹೋದಳು. ಹೋದ ವರ್ಷ ಹಿತಕಿಟ್ಟ ಬೇಳೆ ಇದ್ದೇ ಇರಬೇಕು. ಬಟಾಣಿ ಕೆಳಗೆ, ಪರೋಟದ ಹಿಂದೆ ಕೈಯಾಡಿಸಿದರೆ, ನೀಲಿ ಮುಚ್ಚಳದ ಡಬ್ಬಿಯಲ್ಲಿ ಕಲ್ಲಿನಂತೆ ಕೂತಿತ್ತು ಅವರೆಬೇಳೆ. "ಗೆದ್ದೆ," ಎಂದು ಡಬ್ಬಿಗೇ ಹೇಳಿದಳು. ಉಪ್ಪು ಹಾಕಿ ಬೇಯಿಸಿ, ಅದೇ ಡಬ್ಬಿಗೆ ತುಂಬಿ ಗುಡ್ಡ ಹತ್ತಿದಳು.

ಮುರುಗೆಪ್ಪನವರ ಮನೆ ಹಿಂದಿನ ಮರದ ಜಗಲಿ, ಅದೇ ಡೆಕ್ ಮೇಲೆ ಬೀದಿಗೆ ಬೀದಿಯೇ ಸೇರಿತ್ತು. ಅವರ ಹೆಂಡತಿ ಶೈಲಮ್ಮ ಗಂಡನ ಕಣ್ಣಿಗೆ ಟವೆಲ್ ಕಟ್ಟಿದರು. ನೆತ್ತಿಯ ಮನೆಯ ಶಶಿಧರ ಒಂದೊಂದೇ ಚಮಚ ಬಾಯಿಗಿಟ್ಟ.

"ಇದು ನೆತ್ತೀದು. ಶಶಿಧರಾ, ನಿಂದು ಗಾಳಿ ತಿಂದ ಕಾಳು."

ಎರಡನೆಯದಕ್ಕೆ, "ಅಡ್ಡಿಯಿಲ್ಲ."

ಮೂರನೆಯದಕ್ಕೆ ಅವರ ದವಡೆ ನಿಧಾನವಾಯಿತು. "ಆಹಾ, ಬೆಣ್ಣಿ. ಇದs ನಡುಗುಡ್ಡದ್ದು. ಏನೂ ಅನುಮಾನ ಇಲ್ಲ."

"ಟವೆಲ್ ಬಿಚ್ಚಿ ಅಂಕಲ್," ಎಂದಳು ಅಲಮೇಲು. "ಅಡ್ಡಿಯಿಲ್ಲ ಅಂದಿದ್ದು ನಿಮ್ಮದು. ಬೆಣ್ಣೆ ಅಂದಿದ್ದು ಬುಡದ ಮನೇದು."

ಡೆಕ್ ಮೇಲೆ ಹೋ ಎಂದು ನಗು ಎದ್ದಿತು. ಪ್ರಾಣೇಶ ತಾನೇ ಬೆಳೆದವನ ಹಾಗೆ ಎದೆ ಉಬ್ಬಿಸಿದ. ಅಷ್ಟರಲ್ಲಿ ಶೈಲಮ್ಮ ಡಬ್ಬಿ ಎತ್ತಿ ಬುಡ ತಿರುಗಿಸಿ ನೋಡಿದರು.

"ಅಲಮೇಲು, ಈ ನೀಲಿ ಮುಚ್ಚಳದ ಡಬ್ಬಿ ನಂದಲ್ಲೇನವಾ? ಹ್ವಾದ ದೀಪಾವಳಿಗೆ ನೀ ಹೋಳಿಗಿ ಕೊಟ್ಟಿದ್ದಿಯಲ್ಲಾ, ನಿನ್ನ ಡಬ್ಬಿ ಒಡದಿತ್ತು ಅಂತ ನಂದs ಕೊಟ್ಟೆ. ಖಾಲಿ ಹೆಂಗ ಕೊಡೂದು ಅಂತ ನಮ್ಮ ಹಿತ್ತಲದ ಅವರಿಬ್ಯಾಳಿ ತುಂಬಿಸಿದ್ದೆ."

ಅಲಮೇಲುವಿಗೆ ಹೋಳಿಗೆಯೂ ನೆನಪಾಯಿತು, ಬೇಳೆಯೂ ನೆನಪಾಯಿತು. ಕಿವಿ ಬಿಸಿಯಾಯಿತು.

"ಅಂದ್ರ ಗೆದ್ದಿದ್ದು ನಡುಗುಡ್ಡಾನs!" ಮುರುಗೆಪ್ಪ ತೊಡೆ ತಟ್ಟಿದರು. "ಬರ್ಗಂಡಿ ಸುಳ್ಳ ಹೇಳಂಗಿಲ್ಲ. ತಂಗಿ, ನಿನ್ನ ಕಾಳು ಎಲ್ಲಿ?"

ಯಾರೋ ಉಪ್ಪಿಟ್ಟಿನ ಸೌಟು ತಂದು ಅವಳ ಮುಂದಿಟ್ಟರು. ಅಲಮೇಲು ಅದನ್ನು ಮುಟ್ಟಲಿಲ್ಲ.

"ನನ್ನ ಕಾಳು ಜಿಂಕೆ ಹೊಟ್ಟೇಲಿದೆ ಅಂಕಲ್. ಒಂದು ಎಲೇನೂ ಬಿಟ್ಟಿಲ್ಲ. ಒಂದು ಮಾತು ಕೇಳ್ತೀನಿ. ಜಿಂಕೆ ಬರೋದು ಎಲ್ಲಿಂದ?"

"ನೆತ್ತಿ ಮ್ಯಾಲಿನ ಕಾಡಿಂದ."

"ಶಶಿಧರ ಅವರ ಬಳ್ಳಿ ಮುಟ್ಟಿದ್ವಾ?"

"ಇಲ್ಲ," ಎಂದ ಶಶಿಧರ, ಸ್ವಲ್ಪ ಅವಮಾನವಾದವನ ಹಾಗೆ.

"ನಿಮ್ಮದು?"

"ಇಲ್ಲ. ಬಲೀನೂ ಕಟ್ಟಿಲ್ಲ ನಾವು."

"ನೋಡಿ. ನೆತ್ತಿ ದಾಟಿ, ನಿಮ್ಮ ನಡುಗುಡ್ಡ ಮೂಸಿ ನೋಡಿ ಬಿಟ್ಟು, ಇಡೀ ಇಳಿಜಾರು ಇಳಿದು ನಮ್ಮನೆಗೇ ಬಂದು ಊಟ ಮಾಡಿವೆ. ಪಾಪ, ಅವು ನಿಮ್ಮ ನಕ್ಷೆ ನೋಡಿರಲಿಲ್ಲ."

ಮುರುಗೆಪ್ಪ ಗಡ್ಡ ಕೆರೆದುಕೊಂಡು ಕೆಳಗಿನ ಬೋಳು ಚಪ್ಪರವನ್ನು ಬಹಳ ಹೊತ್ತು ನೋಡಿದರು. ಹಟಮಾರಿಯಾದರೂ ನ್ಯಾಯವಂತರು. ಫೋನ್ ತೆಗೆದು ನಕ್ಷೆ ತಿದ್ದಿದರು.

"ಖರೇ ಐತಿ. ಬುಡಕ್ಕ ಮಹಾದರ್ಜೆ. ನಡುಗುಡ್ಡ ಎರಡನೇದು."

ಅಲಮೇಲುವಿನ ಕಣ್ಣು ತುಂಬಿತು. ಪಂಕ್ತಿಯಲ್ಲಿ ಅಮ್ಮನ ಎಲೆ ಮತ್ತೆ ಹಾಕಿದಂತಾಯಿತು. ಬೀಜಕ್ಕೆಂದು ಒಣಗಿಸಿಟ್ಟದ್ದು ಮನೆಯಲ್ಲಿ ಇದ್ದೇ ಇದೆ.

"ಥ್ಯಾಂಕ್ಸ್ ಅಂಕಲ್. ಮುಂದಿನ ವರ್ಷ ಇವರ ಹತ್ತಿರ ಗಟ್ಟಿ ಬಲೆ ಕಟ್ಟಿಸ್ತೀನಿ, ಸಾರಿಗೆ ಪೂರ್ತಿ ನಮ್ಮದೇ ಕಾಳು."

ಮುರುಗೆಪ್ಪ ಗಾಬರಿಯಿಂದ ಕೈ ಅಡ್ಡ ಹಿಡಿದರು. ಹಿಂದೆ ನಿಂತಿದ್ದ ಬೀದಿಯೂ ಜೊತೆಗೆ ತಲೆಯಾಡಿಸಿತು.

"ಬಲಿ ಮಾತ್ರ ಕಟ್ಟಬ್ಯಾಡ ತಂಗಿ. ನೀ ಕಟ್ಟಿದ್ರ ಜಿಂಕಿ ಎರಡನೇ ದರ್ಜೆಗೆ ಬರ್ತಾವ."