ಹತ್ತು ಟ್ಯಾಬು, ಎರಡು ವರ್ಷದ ಕರಾರು

ಬೆಲೆ ಚೀಟಿ ಕಣ್ಣೆದುರಿಗೇ ಅಂಟಿಸಿದ್ದರೂ "ಇದು ಅಷ್ಟು ಬಾಳುತ್ತಾ?" ಎಂದು ಕೇಳುವವರು ನನ್ನನ್ನೇ ಹುಡುಕಿಕೊಂಡು ಬರುತ್ತಾರೆ. ಈಗ ಕಡೂರಿನಲ್ಲಿ ನನ್ನದೇ ಸಣ್ಣ ಮೊಬೈಲ್ ರಿಪೇರಿ ಅಂಗಡಿ ಇದೆ, ಇಲ್ಲೂ ಅದೇ ಕಥೆ. ಆದರೆ ಇದೆಲ್ಲ ಶುರುವಾದದ್ದು ತರೀಕೆರೆ ಬಸ್ ಸ್ಟ್ಯಾಂಡ್ ಎದುರಿನ ಮೊಬೈಲ್ ಅಂಗಡಿಯಲ್ಲಿ, ನಾನು ಸೇಲ್ಸ್‌ಮನ್ ಆಗಿದ್ದಾಗ.

ಫೋನ್ ಕಂಪನಿಯೊಂದು ಅಂಗೈಗಿಂತ ಸ್ವಲ್ಪ ದೊಡ್ಡದಾದ ಟ್ಯಾಬು ಹೊರಡಿಸಿತ್ತು. ಪೇಟೆಯ ಅರ್ಧ ಬೆಲೆ. ಆದರೆ ಎರಡು ವರ್ಷ ಅವರದೇ ಸಿಮ್ಮು, ಬಳಸಲಿ ಬಿಡಲಿ ತಿಂಗಳು ತಿಂಗಳು ನೆಟ್ಟಿನ ದುಡ್ಡು ಕಟ್ಟಲೇಬೇಕು. ಹತ್ತು ಟ್ಯಾಬು ನಮ್ಮ ಅಂಗಡಿಗೆ ಬಂದವು. ತಿಂಗಳಾದರೂ ಒಂದೂ ಕದಲಲಿಲ್ಲ. ಯಜಮಾನರ ಸಿಟ್ಟು ನೆತ್ತಿಗೇರಿತು. ಅಂಗಡಿ ತುಂಬ ಗಿರಾಕಿಗಳಿದ್ದಾಗಲೇ, "ಗೌರಿ ಹಬ್ಬದೊಳಗೆ ಹತ್ತೂ ಹೋಗ್ಲಿಲ್ಲ ಅಂದ್ರೆ ನೀನು ಬೇರೆ ಕೆಲ್ಸ ನೋಡ್ಕೊ ಕಣೋ" ಅಂದುಬಿಟ್ಟರು. ಎರಡು ಸಲ ಪಿಯುಸಿ ಡುಮ್ಕಿ ಹೊಡೆದವನಿಗೆ ಬೇರೆ ಕೆಲಸ ಯಾರು ಕೊಡುತ್ತಾರೆ? ಅದಕ್ಕಿಂತ ಹೆಚ್ಚಾಗಿ, ಆ ಅಂಗಡಿಯ ಸ್ಟೂಲು ನನಗೆ ಮನೆಗಿಂತ ಹಿತವಾಗಿತ್ತು.

ಒಳಗೆ ಅಲ್ಲಾಡಬೇಕು

ಮೊದಲ ಗಿರಾಕಿ ಪಂಚನಹಳ್ಳಿಯ ತೆಂಗಿನ ತೋಟದವರು. ನಾನು ಕ್ಯಾಮೆರಾ, ಮೆಮೊರಿ ಎಲ್ಲ ವಿವರಿಸುತ್ತಿದ್ದರೆ ಅವರು ಟ್ಯಾಬನ್ನು ಕಿವಿಯ ಹತ್ತಿರ ಹಿಡಿದು ಗಡಗಡ ಅಲ್ಲಾಡಿಸಿದರು. ಅವರ ಕಡೆ ಕೊಬ್ಬರಿ ಕಾಯಿಯನ್ನು ಹಾಗೆಯೇ ನೋಡುವುದು. ಒಳಗೆ ಗುಂಡಾಗಿ ಒಣಗಿ ಬಿಟ್ಟುಕೊಂಡಿದ್ದರೆ ಲೊಟಲೊಟ ಸದ್ದು ಬರಬೇಕು.

"ಸದ್ದೇ ಇಲ್ವಲ್ಲಪ್ಪ, ಇನ್ನೂ ಹಸಿ" ಅಂದರು.

ಒಂದೊಂದೇ ಡಬ್ಬಿ ಬಿಚ್ಚಿಸಿ, ಎಲ್ಲವನ್ನೂ ಅಲ್ಲಾಡಿಸಿ ನೋಡಿದರು. ಕೊನೆಗೆ ಗಾಜಿನ ಬೀರುವಿನಲ್ಲಿ ನೋಡಲೆಂದು ಇಟ್ಟಿದ್ದ ಟ್ಯಾಬಿಗೆ ಕೈ ಹಾಕಿದರು. ಅದು ಹಿಂದಿನ ವಾರ ನನ್ನ ಕೈಯಿಂದ ಜಾರಿ ಬಿದ್ದು, ಒಳಗೊಂದು ಸ್ಕ್ರೂ ಕಳಚಿಕೊಂಡಿತ್ತು. ಕಿವಿಗೆ ಹಿಡಿದದ್ದೇ ತಡ, ಅವರ ಮುಖ ಅರಳಿತು.

"ಸ್ವಾಮಿ, ಅದು ಬಿದ್ದಿರೋದು, ಬೇಡಿ" ಅಂದೆ.

"ಒಳ್ಳೇದನ್ನ ನೀನು ಮಡಿಕ್ಕೊಂಡು ನಂಗೆ ಹಸೀದು ಕೊಡ್ತೀಯಾ?" ಎಂದು ಗದರಿ ಅದನ್ನೇ ಕೊಂಡೊಯ್ದರು. ಮರುದಿನ ಅವರ ಊರಿನಿಂದ ಇನ್ನೂ ಮೂವರು ಬಂದರು. ನಾನು ಸ್ಕ್ರೂ ಡ್ರೈವರ್ ಹಿಡಿದು ಹಿಂದಿನ ಕೋಣೆಗೆ ಹೋದೆ.

ಟವೆಲ್ ಕೆಳಗಿನ ವ್ಯಾಪಾರ

ಅಜ್ಜಂಪುರ ಕಡೆಯ ಎತ್ತಿನ ದಲ್ಲಾಳಿ ಬಂದವರೇ ಹೆಗಲ ಮೇಲಿನ ಟವೆಲನ್ನು ನನ್ನ ಕೈ ಮೇಲೆ ಹಾಕಿ, ಅದರಡಿ ನನ್ನ ಬೆರಳು ಹಿಡಿದರು. ಸುತ್ತಲಿನವರಿಗೆ ಬೆಲೆ ತಿಳಿಯದಂತೆ ಎತ್ತಿನ ವ್ಯಾಪಾರ ಮಾಡುವುದು ಹಾಗೆ. ಹಿರಿಯರು, ಕೈ ಎಳೆದುಕೊಳ್ಳುವುದು ಹೇಗೆ? ಅವರು ಹಿಸುಕಿದಾಗಲೆಲ್ಲ ತಲೆ ಆಡಿಸಿದೆ.

"ಮುಗೀತು. ಗಿಟ್ಟೋ ಯಾಪಾರ" ಅಂದರು.

"ಎಷ್ಟಕ್ಕೋ ಕೊಟ್ಟೆ?" ಯಜಮಾನರು ಗಾಬರಿಯಿಂದ ಕೇಳಿದರು. ನನಗೇನು ಗೊತ್ತು?

"ಬಾಯಲ್ಲಿ ಹೇಳೋ ಹಂಗಿಲ್ಲ, ಕೈ ಕೊಡಿ" ಎಂದು ದಲ್ಲಾಳಿ ಯಜಮಾನರ ಕೈಯನ್ನೂ ಟವೆಲಿನೊಳಕ್ಕೆ ಎಳೆದುಕೊಂಡರು. ಯಜಮಾನರು ಕೈ ಬಿಡಿಸಿಕೊಂಡು ಚೀಟಿಯ ಬೆಲೆ ತೋರಿಸಿ, ತಿಂಗಳ ದುಡ್ಡಿನ ವಿಷಯವನ್ನೂ ಹೇಳಿದರು.

"ಅಲ್ಲ ಕಣ್ರೀ, ಮೇವು ನಾನೇ ಹಾಕ್ಬೇಕಾ? ಹಂಗಾದ್ರೆ ನಾಕು ದಿನ ಮನೇಲಿ ಕಟ್ಟಿ ನೋಡ್ತೀನಿ, ಆಮ್ಯಾಕೆ ರುಜು."

ನಾಲ್ಕನೇ ದಿನ ತಂದು ಮೇಜಿನ ಮೇಲಿಟ್ಟರು. ಅವರ ಊರಲ್ಲಿ ಸಿಗ್ನಲ್ಲೇ ಇಲ್ಲ. "ನೋಡಕ್ಕೆ ಲಕ್ಷಣವಾಗೈತೆ. ಮೇವು ತಿಂತೈತೆ, ನೊಗಕ್ಕೆ ಬರಕಿಲ್ಲ."

ವಿಚಾರಿಸದೆ ಹೇಗೆ?

ಪಕ್ಕದ ಬೀದಿಯಲ್ಲಿ ಬಟ್ಟೆ ಹೊಲಿಯುವ ಅಮ್ಮ ಕರಾರು ಕೇಳಿ ಗಲ್ಲದ ಮೇಲೆ ಕೈ ಇಟ್ಟುಕೊಂಡರು. "ಎರಡು ವರ್ಷ ಬಿಡೋ ಹಂಗಿಲ್ಲ ಅಂದ್ಮೇಲೆ ಸಂಬಂಧ ಮಾಡ್ದಂಗೇ ಆಯ್ತಲ್ಲಪ್ಪ. ವಿಚಾರಿಸ್ದೆ ಹೆಂಗೆ ಒಪ್ಪೋದು?"

ಒಂದು ಭಾನುವಾರ ಬಸ್ಸು ಹತ್ತಿ ಪಂಚನಹಳ್ಳಿಗೆ ಹೋಗಿ, ಟ್ಯಾಬು ಹೋದ ಮನೆಗಳಲ್ಲೆಲ್ಲ ಕೂತು, ಕಾಫಿ ಕುಡಿದು ವಿಚಾರಿಸಿಕೊಂಡು ಬಂದರು. "ಎಲ್ಲಾ ಒಳ್ಳೇದೇ ಹೇಳಿದ್ರು. ಸ್ವಲ್ಪ ಬೇಗ ಬಿಸಿ ಆಗುತ್ತಂತೆ, ಅದ್ಯಾರಿಗಿಲ್ಲ? ನಮಗೆ ಒಪ್ಪಿಗೆ."

ನಾನು ಖುಷಿಯಿಂದ ಫಾರಂ ತೆಗೆದೆ.

"ಅಯ್ಯೋ, ಈಗಲೇ? ಆಷಾಢ ಕಳೀಲಪ್ಪ!"

ಹತ್ತನೆಯದು

ಆಷಾಢ ಕಳೆಯಿತು, ಆಯಮ್ಮ ಮಾತು ತಪ್ಪಲಿಲ್ಲ. ಹೀಗೇ ಒಂಬತ್ತು ಹೋದವು. ಗೌರಿ ಹಬ್ಬಕ್ಕೆ ಒಂದೇ ದಿನ, ಉಳಿದದ್ದು ಒಂದೇ ಟ್ಯಾಬು. ಯಜಮಾನರು ಬೆಳಗಿನಿಂದ ನನ್ನ ಮುಖ ನೋಡುತ್ತಿರಲಿಲ್ಲ. ನಾಲ್ಕು ಜನರೆದುರು ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳುವ ಜಾಯಮಾನ ಅವರದಲ್ಲ. ಮಧ್ಯಾಹ್ನ "ಕಡೂರಲ್ಲಿ ಕೆಲ್ಸ ಐತೆ" ಎಂದು ಹೊರಟುಹೋದರು.

ಅವರು ಅತ್ತ ಹೋದದ್ದೇ ನಾನು ನನ್ನ ಹೆಸರಿಗೇ ಫಾರಂ ತುಂಬಿ, ಬಸ್ಸಿನ ಕಂಡಕ್ಟರ್ ಕೈಯಲ್ಲಿ, ನಮಗೆ ಟ್ಯಾಬು ಕಳಿಸಿದ್ದ ಕಡೂರಿನ ಏಜೆನ್ಸಿಗೆ ಮುಟ್ಟಿಸಿ, ಟ್ಯಾಬನ್ನು ಚೀಲಕ್ಕೆ ಹಾಕಿಕೊಂಡೆ. ಸಂಜೆ ಯಜಮಾನರು ಬಂದು ಖಾಲಿ ಬೀರು ನೋಡಿ ಬೆಚ್ಚಿಬಿದ್ದರು.

"ಟ್ಯಾಬೆಲ್ಲೋ?"

"ಹೋಯ್ತು ಯಜಮಾನ್ರೇ. ಯಾರೋ ಒಬ್ರು ತಗೊಂಡ್ರು."

ಖುಷಿಪಡುವ ಬದಲು ಅವರು ಬೆವರು ಒರೆಸಿಕೊಂಡು ಕುರ್ಚಿಯಲ್ಲಿ ಕುಸಿದರು. ಯಾಕೆಂದು ತಿಳಿದದ್ದು ಹಬ್ಬ ಕಳೆದ ಮೇಲೆ, ಏಜೆನ್ಸಿಯವರು ಹೂವಿನ ಹಾರ ತಂದು ಯಜಮಾನರ ಕೊರಳಿಗೆ ಹಾಕಿದಾಗ.

"ಹತ್ತು ಕಳಿಸಿದ್ರೆ ಹನ್ನೊಂದು ಮಾರಿದ ಅಂಗಡಿ ಇದೊಂದೇ ಸ್ವಾಮಿ! ಹನ್ನೊಂದು ಫಾರಂ ಬಂದಿದೆ."

ಫಾರಂಗಳನ್ನು ಮೇಜಿನ ಮೇಲೆ ಹರಡಿದರು. ಹತ್ತನೆಯದರಲ್ಲಿ ನನ್ನ ರುಜು, ಹನ್ನೊಂದನೆಯದರಲ್ಲಿ ಯಜಮಾನರ ರುಜು ಇತ್ತು. ನನ್ನನ್ನು ಕೆಲಸದಿಂದ ತೆಗೆಯುವುದು ತಪ್ಪಲಿ ಎಂದು ಅವರೂ ಕಡೂರಿಗೆ ಹೋಗಿ ಅದೇ ಟ್ಯಾಬನ್ನು ತಮ್ಮ ಹೆಸರಿಗೆ ಬರೆಸಿಕೊಂಡಿದ್ದರು. ನನ್ನ ಕಣ್ಣು ತುಂಬಿ ಬಂತು. ಅವರು ಅತ್ತ ತಿರುಗಿ ಕೆಮ್ಮಿದರು. ಆ ಮನುಷ್ಯ ಈಗಿಲ್ಲ. ಅವರಂಥವರ ಕೈಕೆಳಗೆ ದುಡಿದದ್ದು ನನ್ನ ಪುಣ್ಯ.

ಅಷ್ಟರಲ್ಲಿ ಏಜೆನ್ಸಿಯವರು ಬಹುಮಾನವೆಂದು ಆಟೋದಿಂದ ಇನ್ನೂ ನಲವತ್ತು ಟ್ಯಾಬು ಇಳಿಸತೊಡಗಿದರು. ಯಜಮಾನರು ಡಬ್ಬಿಗಳನ್ನೂ ನನ್ನನ್ನೂ ನೋಡಿ, ಕೊರಳಿನ ಹಾರ ತೆಗೆದು ನನಗೆ ಹಾಕಿ ಹೇಳಿದರು:

"ಲೇ, ಇವನ್ನ ನೀನು ಮಾರ್ದಿದ್ರೂ ಚಿಂತಿಲ್ಲ ಕಣೋ. ನಾವಿಬ್ರು ಕೊಳ್ಳೋದು ನಿಲ್ಸಿದ್ರೆ ಸಾಕು."